ಗಂಟು ಹೊತ್ತ ಕಾದಂಬರಿಕಾರ



ಹಿರೇಕೆರೂರು ಕಡೆಯ ತರುಣರೊಬ್ಬರು ಒಂದು ಸಾಹಿತ್ಯ ಶಿಬಿರದ ಕೊನೆಯ ದಿನ ನನ್ನ ಕೈಗೆ ಒಂದು ಕಟ್ಟನ್ನು ಕೊಟ್ಟರು. ನಾಲ್ಕು ದಪ್ಪ ನೋಟುಬುಕ್ಕುಗಳು, ಸುತ್ತಲೂ ಕಿರಾಣಿ ಅಂಗಡಿಯ ದಾರ. ಒಳಗೆ ಒಂದು ಕಾದಂಬರಿ. "ಬರದದ್ದಂತೂ ಮುಗೀತ್ರೀ ಸರ್, ಇನ್ನ ಮುಂದ ಯಾರ ಕಡೆ ಹೋಗಬೇಕು?" ಎಂದರು. ಅಷ್ಟರೊಳಗೆ ಅವರು ಒಬ್ಬ ಪ್ರಕಾಶಕರ ಕಡೆಗೆ ಹೋಗಿ ಬಂದಿದ್ದರು. ಆ ಪುಣ್ಯಾತ್ಮರು ದಾರವನ್ನು ಬಿಚ್ಚುವ ಮೊದಲೇ "ನೀವು ಎಷ್ಟು ಹಣ ಹಾಕುತ್ತೀರಿ?" ಎಂದು ಕೇಳಿದರಂತೆ. ತರುಣರಿಗೆ ಅದು ದೊಡ್ಡ ಅವಮಾನವಾಗಿ ಕಂಡಿತ್ತು. ತಮ್ಮ ಊರು ದೂರದ ಊರು, ತಮಗೆ ಬೆಂಗಳೂರಿನಲ್ಲಿ ಯಾರೂ ಪರಿಚಯವಿಲ್ಲ, ಅದಕ್ಕೇ ಹೀಗಾಯಿತು ಎಂದು ಅವರು ತಿಳಿದಿದ್ದರು.

ನನಗೆ ಆಗ ನೆನಪಾದದ್ದು ಅವರ ಊರಿನ ಸೀಮೆಯಲ್ಲೇ ನೂರು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ಎದುರಿಸಿದ ಒಬ್ಬ ಹಿರಿಯರು. ಅವರ ಕಥೆಯನ್ನು ತಮ್ಮ ಮುಂದೆ ಇಡಬೇಕೆಂದೇ ಈ ಬರಹ. ಆದರೆ ಅದಕ್ಕೂ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಿರೇಕೆರೂರು ತಾಲೂಕು ಎಂದೊಡನೆ ನಮಗೆ ನೆನಪಾಗುವ ಹೆಸರು ಸರ್ವಜ್ಞ. ಅಬಲೂರು, ಮಾಸೂರುಗಳ ಜೊತೆಗೆ ಜನ ಅವನನ್ನು ಬೆಸೆದು ಹೇಳುತ್ತ ಬಂದಿದ್ದಾರೆ. ಈ ಕವಿಗೆ ಪ್ರಕಾಶಕರು ಯಾರು? ಯಾರೂ ಇರಲಿಲ್ಲ. ಮೂರು ಸಾಲಿನ ಪದ್ಯ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ, ಸಂತೆಯಿಂದ ಸಂತೆಗೆ, ಖರ್ಚಿಲ್ಲದೆ ನಡೆದು ಹೋಯಿತು. ಬಹುಕಾಲದ ಮೇಲೆ ಉತ್ತಂಗಿ ಚನ್ನಪ್ಪನವರು ಊರೂರು ತಿರುಗಿ, ಓಲೆ ಕಾಗದಗಳನ್ನು ಹುಡುಕಿ, ಜನರ ಬಾಯಲ್ಲಿದ್ದುದನ್ನು ಬರೆದುಕೊಂಡು 1924ರಲ್ಲಿ ಸರ್ವಜ್ಞನ ವಚನಗಳ ಸಂಗ್ರಹವನ್ನು ಅಚ್ಚಿಗೆ ತಂದರು. ಅಂದರೆ ಅಷ್ಟು ತಲೆಮಾರುಗಳವರೆಗೆ ಆ ಪದ್ಯಗಳು ಅಚ್ಚಿನ ಹಂಗಿಲ್ಲದೆ ಬದುಕಿದ್ದವು.

ಕಾದಂಬರಿಗೆ ಈ ಭಾಗ್ಯವಿಲ್ಲ. ಇನ್ನೂರೈವತ್ತು ಪುಟದ ಗದ್ಯವನ್ನು ಯಾರು ಬಾಯಿಪಾಠ ಮಾಡುತ್ತಾರೆ? ಅದಕ್ಕೆ ಕಾಗದ ಬೇಕು, ಮೊಳೆ ಬೇಕು, ಮಸಿ ಬೇಕು, ಹೊತ್ತೊಯ್ಯುವ ಟಪಾಲು ಬೇಕು, ಕೊನೆಗೆ ಕಾಸು ಕೊಟ್ಟು ಕೊಳ್ಳುವ ಒಬ್ಬ ಓದುಗ ಬೇಕು. ಅಚ್ಚಿನ ಯಂತ್ರದ ಜೊತೆಗೇ ಹುಟ್ಟಿದ ಸಾಹಿತ್ಯ ಪ್ರಕಾರ ಇದು. ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ 1899ರಲ್ಲಿ ಹೊರಬಂದದ್ದು ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರ ಮುದ್ರಣಾಲಯ ಇದ್ದುದರಿಂದ. ನಮ್ಮ ಮೊದಲ ಸಾಮಾಜಿಕ ಕಾದಂಬರಿಯ ಹಿಂದೆ ಹೀಗೆ ಒಂದು ಮುದ್ರಣಾಲಯ ನಿಂತಿತ್ತು ಎಂಬುದನ್ನು ನಾವು ಸಾಹಿತ್ಯ ಚರಿತ್ರೆ ಓದುವಾಗ ಅಷ್ಟಾಗಿ ಗಮನಿಸುವುದಿಲ್ಲ.

ಧಾರವಾಡ ಸೀಮೆಯ ಪರಿಸ್ಥಿತಿ ಬೇರೆ. ಆಗ ಅದು ಮುಂಬಯಿ ಇಲಾಖೆಗೆ ಸೇರಿತ್ತು. ಇಂದಿನ ಹಿರೇಕೆರೂರು ತಾಲೂಕನ್ನು ಸರ್ಕಾರಿ ಕಾಗದಗಳಲ್ಲಿ ಕೋಡ ತಾಲೂಕು ಎಂದು ಕರೆಯುತ್ತಿದ್ದರು. ಕಚೇರಿ ಮಾತ್ರ ಹಿರೇಕೆರೂರಿನಲ್ಲಿತ್ತು. ಹಾವೇರಿ ಎಂಬ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೂ ಮೊದಲು ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಲ್ಲವೂ ಧಾರವಾಡ ಜಿಲ್ಲೆಯವೇ. ಓದಿದವರ ಮನೆಗಳಲ್ಲಿ ಮರಾಠಿ ಪುಸ್ತಕ, ಮರಾಠಿ ಪತ್ರಿಕೆ. ಪುಣೆಯಲ್ಲಿ ಹರಿ ನಾರಾಯಣ ಆಪಟೆಯವರು 1890ರಲ್ಲಿ ಕರಮಣೂಕ ಎಂಬ ವಾರಪತ್ರಿಕೆಯನ್ನು ಆರಂಭಿಸಿ, ಅದರಲ್ಲಿ ತಮ್ಮ ಕಾದಂಬರಿಗಳನ್ನು ಕಂತು ಕಂತಾಗಿ ಕೊಡುತ್ತಿದ್ದರು. ಅದೇ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು. ಕನ್ನಡದಲ್ಲಿ ಓದುವುದಕ್ಕೆ ಏನಿದೆ ಎಂಬ ಪ್ರಶ್ನೆಗೆ ಉತ್ತರ ಒದಗಿಸುವುದೇ ಸಂಘದ ದೊಡ್ಡ ಕೆಲಸವಾಗಿತ್ತು. ಪುಸ್ತಕಗಳಿಗೆ ಅದು ಬಹುಮಾನಗಳನ್ನು ಇಟ್ಟಿತು.

ಆ ಬಹುಮಾನ ಪಡೆದವರಲ್ಲಿ ಒಬ್ಬರು ವೆಂಕಟೇಶ ತಿರಕೋ ಕುಲಕರ್ಣಿ ಎಂಬ ಶಾಲಾ ಮಾಸ್ತರರು. ಹುಟ್ಟಿದ್ದು 1869ರಲ್ಲಿ, ಹಾವೇರಿ ತಾಲೂಕಿನ ಗಳಗನಾಥದಲ್ಲಿ. ವರದೆಯು ತುಂಗಭದ್ರೆಯನ್ನು ಕೂಡುವ ಜಾಗದಲ್ಲಿ, ಚಾಲುಕ್ಯರ ಕಾಲದ ಗಳಗೇಶ್ವರ ಗುಡಿ ಇರುವ ಸಣ್ಣ ಊರು ಅದು. ಮಾಸ್ತರರು ಊರಿನ ಹೆಸರನ್ನೇ ತಮ್ಮ ಹೆಸರಾಗಿ ಮಾಡಿಕೊಂಡರು. ಅವರ ಮೊದಲ ಕಾದಂಬರಿ ಪ್ರಬುದ್ಧ ಪದ್ಮನಯನೆ 1898ರದು. ಮುಂದೆ ಕನ್ನಡ ನಾಡು ಅವರನ್ನು ಕಾದಂಬರಿ ಪಿತಾಮಹ ಎಂದು ಕರೆಯಿತು. ಬಿರುದು ದೊಡ್ಡದೇ. ಆದರೆ ನನ್ನ ತರುಣ ಮಿತ್ರರಿಗೆ ಉಪಯೋಗಕ್ಕೆ ಬರುವುದು ಅವರ ಬಿರುದಿಗಿಂತ ಅವರ ವ್ಯವಹಾರ.

ಒಂದು ಬಹುಮಾನ ಒಂದು ಪುಸ್ತಕವನ್ನು ಅಚ್ಚಿಗೆ ಕಳಿಸಬಹುದು. ಎರಡನೆಯದಕ್ಕೆ ಏನು ಮಾಡುವುದು? ಗಳಗನಾಥರು ಕಂಡುಕೊಂಡ ದಾರಿ ಮಾಸಪತ್ರಿಕೆ. 1907ರಲ್ಲಿ ಹಾವೇರಿಯ ಹತ್ತಿರದ ಅಗಡಿಯಲ್ಲಿ, ಶೇಷಾಚಲ ಸದ್ಗುರುಗಳ ಆನಂದವನದ ಆಶ್ರಯದಲ್ಲಿ ಸದ್ಬೋಧ ಚಂದ್ರಿಕೆ ಆರಂಭವಾಯಿತು. ಮುಂದೆ ಸದ್ಗುರು ಎಂಬ ಪತ್ರಿಕೆಯನ್ನೂ ಅವರು ನಡೆಸಿದರು. ಸ್ವಲ್ಪ ಯೋಚಿಸಿ ನೋಡಿ: ಬೆಂಗಳೂರಲ್ಲ, ಮೈಸೂರಲ್ಲ, ಧಾರವಾಡವೂ ಅಲ್ಲ. ಅಗಡಿ ಎಂಬ ಹಳ್ಳಿಯಿಂದ ಹೊರಟ ಪತ್ರಿಕೆ ಕನ್ನಡದ ಮನೆಮನೆಗೆ ಹೋಗಿ ಕಾದಂಬರಿಯ ಓದುಗರನ್ನು ತಯಾರು ಮಾಡಿತು. ನಮ್ಮ ಊರು ದೂರದ ಊರು ಎಂಬ ಕೊರಗು ಇದ್ದವರು ಈ ಸಂಗತಿಯನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಪತ್ರಿಕೆಯ ಚಂದಾ ಮುಂಗಡವಾಗಿ ಬರುತ್ತದೆ. ಹಾಗಾಗಿ ಬರೆಯುವ ಮೊದಲೇ ಓದುಗ ಗೊತ್ತಿರುತ್ತಾನೆ, ಅವನ ವಿಳಾಸವೂ ಗೊತ್ತಿರುತ್ತದೆ. ಈ ವ್ಯವಸ್ಥೆಯಿಂದ ಕಾಗದದ ಖರ್ಚಿಗೆ ದಾರಿಯಾಯಿತು, ನಿಜ. ಅದಕ್ಕಿಂತ ಮುಖ್ಯವಾಗಿ ಬರವಣಿಗೆಯ ರೀತಿಯೇ ಬದಲಾಯಿತು ಎಂದು ನನಗೆ ಅನಿಸುತ್ತದೆ. ತಿಂಗಳಿಗೊಮ್ಮೆ ಬರುವ ಕಥೆಯನ್ನು ಓದುಗ ಮೂವತ್ತು ದಿನ ನೆನಪಿಟ್ಟುಕೊಳ್ಳಬೇಕು. ಆದ್ದರಿಂದ ಪಾತ್ರಗಳ ರೇಖೆ ದಪ್ಪವಾಗಿರಬೇಕು. ಪ್ರಕರಣದ ಕೊನೆಯಲ್ಲಿ ಒಂದು ಗಂಟು ಬೀಳಬೇಕು. ಮುಂದಿನ ತಿಂಗಳ ಮೊದಲ ಪುಟದಲ್ಲೇ ಹಿಂದಿನದರ ಎಳೆ ಸಿಗಬೇಕು. ಆ ಕಾಲದ ಹಳ್ಳಿಗಳಲ್ಲಿ ಒಬ್ಬರು ಓದಿ ಹತ್ತು ಮಂದಿ ಕೇಳುವ ಪದ್ಧತಿ. ಪುರಾಣ ಕೇಳಿ ಪಳಗಿದ ಕಿವಿಗಳು ಅವು. ಗಳಗನಾಥರ ವಾಕ್ಯ ಕಟ್ಟೆಯ ಮೇಲೆ ಕುಳಿತು ಮಾತಾಡುವವರ ವಾಕ್ಯ; ನಡುನಡುವೆ ಓದುಗನ ಕಡೆ ತಿರುಗಿ ಒಂದು ಮಾತು ಹೇಳಿ ಮತ್ತೆ ಕಥೆಗೆ ಬರುತ್ತದೆ. ಇದನ್ನು ಅವರ ಕಲೆಯ ದೋಷ ಎಂದು ಎಣಿಸುವವರಿದ್ದಾರೆ. ನೀತಿಬೋಧೆ ಉದ್ದವಾದಾಗ ಇಂದಿನ ಓದುಗನಿಗೆ ಆಕಳಿಕೆ ಬರುತ್ತದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೂ ಕೇಳುವವರಿಗಾಗಿ ಬರೆದ ಗದ್ಯ ಅದು. ಗಟ್ಟಿಯಾಗಿ ಓದಿ ನೋಡಿದರೆ ಎಲ್ಲಿಯೂ ಉಸಿರು ಸಿಕ್ಕಿಕೊಳ್ಳುವುದಿಲ್ಲ.

ಕಥಾವಸ್ತುವಿನ ವಿಷಯದಲ್ಲಿಯೂ ಅವರು ಲೆಕ್ಕ ಬಲ್ಲವರು. ಮರಾಠಿ ಕಾದಂಬರಿಗಳಿಗೆ ಮನಸೋತ ಓದುಗನನ್ನು ಕನ್ನಡಕ್ಕೆ ಕರೆತರಬೇಕಾದರೆ ಅವನಿಗೆ ಗೊತ್ತಿರುವ ರುಚಿಯನ್ನೇ ಕನ್ನಡದಲ್ಲಿ ಬಡಿಸಬೇಕು. ಆಪಟೆಯವರ ಕೃತಿಗಳನ್ನು ಆಧರಿಸಿ ಕಮಲಕುಮಾರಿ, ಕನ್ನಡಿಗರ ಕರ್ಮಕಥೆ ಮುಂತಾದವನ್ನು ಬರೆದರು. ಕರ್ಮಕಥೆಯಂತೂ ವಿಜಯನಗರದ ಪತನದ ಕಥೆ. ಮೂಲ ಮರಾಠಿಯ ವಜ್ರಾಘಾತ. ಆದರೆ ಕನ್ನಡದ ಹೆಸರನ್ನು ಗಮನಿಸಿ. ಆ ಒಂದು ಹೆಸರಿನಿಂದಲೇ ಕಥೆ ಕನ್ನಡಿಗನ ಸ್ವಂತ ಮನೆಯ ದುಃಖವಾಯಿತು. ಇಷ್ಟೆಲ್ಲ ಆದ ಮೇಲೆ, 1923ರಲ್ಲಿ, ವಿಜಯನಗರದ ಸ್ಥಾಪನೆಯ ಮೇಲೆ ಮಾಧವ ಕರುಣಾವಿಲಾಸ ಎಂಬ ಸ್ವತಂತ್ರ ಕಾದಂಬರಿಯನ್ನು ಕೊಟ್ಟರು. ಮೊದಲು ಓದುಗರನ್ನು ಸಂಪಾದಿಸಿ, ಆ ಮೇಲೆ ತಮ್ಮ ದೊಡ್ಡ ಪುಸ್ತಕವನ್ನು ಅವರ ಮುಂದೆ ಇಟ್ಟವರು ಅವರು. ನಾವೆಲ್ಲ ಮಾಡುವುದು ಇದಕ್ಕೆ ತಿರುಗುಮುರುಗು: ಮೊದಲ ಪುಸ್ತಕವೇ ಮಹಾಕಾದಂಬರಿ, ಓದುಗನನ್ನು ಆಮೇಲೆ ಹುಡುಕುವುದು.

ಈಗ ಮಾರಾಟದ ವಿಚಾರ. ಪುಸ್ತಕದ ಅಂಗಡಿ ಎಂಬುದು ಆಗ ದೊಡ್ಡ ಪಟ್ಟಣಗಳ ವಸ್ತು. ರೈಲು ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ಮೇಲೆ ಹಾದುಹೋಗುತ್ತಿತ್ತು. ಹಿರೇಕೆರೂರು, ಹಾನಗಲ್ಲುಗಳು ಆ ದಾರಿಯ ಹೊರಗೆ. ಟಪಾಲು ಖಾತೆಯವರು 1877ರಿಂದ ವಿ.ಪಿ. ಪದ್ಧತಿ ತಂದಿದ್ದರಿಂದ ಅನುಕೂಲವಾಯಿತು: ಪುಸ್ತಕ ಅಂಚೆಯಲ್ಲಿ ಬರುತ್ತದೆ, ಓದುಗ ಹಣ ಕೊಟ್ಟು ಬಿಡಿಸಿಕೊಳ್ಳುತ್ತಾನೆ. ಆದರೆ ವಿ.ಪಿ. ತಿರುಗಿ ಬಂದರೆ ಎರಡೂ ಕಡೆಯ ಖರ್ಚು ಲೇಖಕನ ತಲೆಗೆ. ಕೊನೆಗೆ ಗಳಗನಾಥರು ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ನಡೆದರು, ಮನೆಮನೆಯ ಬಾಗಿಲಲ್ಲಿ ನಿಂತು ಮಾರಿದರು. ಈ ಸಂಗತಿಯನ್ನು ನಮ್ಮ ಕಡೆ ಹಿರಿಯರೆಲ್ಲ ಹೇಳುತ್ತಾರೆ. ಹೇಳುವಾಗ ಸಾಮಾನ್ಯವಾಗಿ ಕಣ್ಣೀರು ಬೆರೆಸುತ್ತಾರೆ: ಕನ್ನಡಕ್ಕಾಗಿ ಎಷ್ಟು ಕಷ್ಟಪಟ್ಟರು, ಎಂದು. ಕಷ್ಟಪಟ್ಟದ್ದು ಸತ್ಯ. ಪುಸ್ತಕದಿಂದ ಅವರು ಸಿರಿವಂತರಾಗಲಿಲ್ಲ ಎಂಬುದೂ ಸತ್ಯ. ಆದರೆ ಆ ಗಂಟಿನ ಇನ್ನೊಂದು ಮುಖವನ್ನು ನಾವು ನೋಡುವುದಿಲ್ಲ. ಬಾಗಿಲಲ್ಲಿ ನಿಂತು ಮಾರುವವನಿಗೆ ಓದುಗನ ಮುಖ ಕಾಣುತ್ತದೆ. ಯಾವ ಪುಸ್ತಕವನ್ನು ಮುಟ್ಟಿ ನೋಡಿ ಕೆಳಗಿಟ್ಟರು, ಯಾವುದನ್ನು ನೆರೆಮನೆಯವರಿಂದ ಎರವಲು ತಂದು ಆಗಲೇ ಓದಿ ಮುಗಿಸಿದ್ದರು, ಎಲ್ಲವೂ ತಿಳಿಯುತ್ತದೆ. ಇಂದಿನ ಯಾವ ವಿಮರ್ಶೆಯೂ ಲೇಖಕನಿಗೆ ಅಷ್ಟು ಚುರುಕಾಗಿ ಉತ್ತರ ಕೊಡುವುದಿಲ್ಲ.

ಗಳಗನಾಥರು 1942ರಲ್ಲಿ ತೀರಿಕೊಂಡರು.

ಹೀಗೆ ತಾವೇ ದಾರಿ ಮಾಡಿಕೊಂಡವರು ಇನ್ನೂ ಇದ್ದಾರೆ. ನಂಜನಗೂಡಿನ ತಿರುಮಲಾಂಬಾ ಬಾಲವಿಧವೆ. 1913ರಲ್ಲಿ ಸತೀಹಿತೈಷಿಣೀ ಎಂಬ ಗ್ರಂಥಮಾಲೆಯನ್ನು ತಾವೇ ಆರಂಭಿಸಿ ಸುಶೀಲೆ ಕಾದಂಬರಿಯನ್ನು ಪ್ರಕಟಿಸಿದರು. 1917ರಲ್ಲಿ ಕರ್ನಾಟಕ ನಂದಿನಿ ಪತ್ರಿಕೆಯನ್ನೂ ಹೊರಡಿಸಿದರು. ಮನೆಯ ಹೊಸ್ತಿಲು ದಾಟುವುದೇ ಕಷ್ಟವಾಗಿದ್ದ ಕಾಲದಲ್ಲಿ ಆ ತಾಯಿ ಲೇಖಕಿ, ಸಂಪಾದಕಿ, ಪ್ರಕಾಶಕಿ ಮೂರೂ ಆಗಿದ್ದರು. ಗಂಟು ಹೊತ್ತು ಊರೂರು ತಿರುಗುವ ಸ್ವಾತಂತ್ರ್ಯ ಅವರಿಗೆ ಇರಲಿಲ್ಲ ಎಂಬುದನ್ನೂ ನೆನೆಯಬೇಕು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯವನ್ನೇ ಇಟ್ಟರು. ಕುವೆಂಪು ಅವರಿಗೆ ಉದಯರವಿ, ಮಾಸ್ತಿಯವರಿಗೆ ಜೀವನ ಕಾರ್ಯಾಲಯ. ನಮ್ಮ ಕಣ್ಣಿಗೆ ದೊಡ್ಡವರಾಗಿ ಕಾಣುವ ಇವರೆಲ್ಲ ಒಂದಲ್ಲ ಒಂದು ಕಾಲದಲ್ಲಿ ತಮ್ಮ ಪುಸ್ತಕದ ಲೆಕ್ಕವನ್ನು ತಾವೇ ಬರೆದವರು.

ಧಾರವಾಡದಲ್ಲಿ 1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಕಟ್ಟಿದ್ದು ಈ ಕಥೆಯ ದೊಡ್ಡ ತಿರುವು. ಚಂದಾದಾರರು ವರ್ಷದ ಹಣ ಕೊಡುತ್ತಾರೆ, ಮಾಲೆ ವರ್ಷವಿಡೀ ಪುಸ್ತಕ ಕೊಡುತ್ತದೆ. ಅಗಡಿಯ ಚಂದಾ ತತ್ವವೇ ಇಲ್ಲಿ ಪತ್ರಿಕೆಯ ಬದಲು ಪುಸ್ತಕಕ್ಕೆ ಬಂತು. ಓದುಗ ಮುಂಗಡ ಕೊಟ್ಟ ಮೇಲೆ ಪ್ರಕಾಶಕನಿಗೆ ಧೈರ್ಯ ಬರುತ್ತದೆ. ಹೊಸಬನನ್ನೂ ಅಚ್ಚು ಮಾಡಬಹುದು, ಜನ ಸಿಟ್ಟಾಗುವ ಪುಸ್ತಕವನ್ನೂ ಅಚ್ಚು ಮಾಡಬಹುದು. ಶಾಂತಿನಾಥ ದೇಸಾಯಿಯವರ ಮುಕ್ತಿ 1961ರಲ್ಲಿ, ಅನಂತಮೂರ್ತಿಯವರ ಸಂಸ್ಕಾರ 1965ರಲ್ಲಿ ಹೊರಬಂದದ್ದು ಈ ಮಾಲೆಯಿಂದಲೇ. ಇವರ ಕಚೇರಿಯನ್ನು ಧಾರವಾಡದ ಜನ ಪ್ರೀತಿಯಿಂದ 'ಅಟ್ಟ' ಎನ್ನುತ್ತಾರೆ. ಕನ್ನಡ ಕಾದಂಬರಿಯ ದಿಕ್ಕು ಬದಲಿಸಿದ ಪುಸ್ತಕಗಳು ಒಂದು ಅಟ್ಟದಿಂದ ಇಳಿದು ಬಂದವು! ಸುಧಾ ವಾರಪತ್ರಿಕೆ ಆರಂಭವಾದದ್ದೂ ಆ 1965ರಲ್ಲೇ. ಮುಂದಿನ ಎರಡು ಮೂರು ದಶಕ ವಾರಪತ್ರಿಕೆಯ ಧಾರಾವಾಹಿಯೇ ಕಾದಂಬರಿಕಾರನ ಹೆದ್ದಾರಿಯಾಯಿತು. ಆ ಕಥೆ ತಮಗೆಲ್ಲ ಗೊತ್ತಿರುವುದೇ.

ಇನ್ನು ನನ್ನ ತರುಣ ಮಿತ್ರರಿಗೆ ನೋವುಂಟುಮಾಡಿದ ಪ್ರಶ್ನೆಗೆ ಬರೋಣ. ಪ್ರಕಾಶಕ ಹಣದ ಮಾತನ್ನೇ ಮೊದಲು ಏಕೆ ಎತ್ತುತ್ತಾನೆ? ಅಚ್ಚಿನ ಲೆಕ್ಕವನ್ನು ಸ್ವಲ್ಪ ನೋಡಿ. ಡೆಮಿ ಅಷ್ಟದಳದಲ್ಲಿ ಒಂದು ಫಾರಂ ಎಂದರೆ 16 ಪುಟ. 240 ಪುಟದ ಕಾದಂಬರಿಗೆ 15 ಫಾರಂ. ಪ್ರತಿಯೊಂದು ಪುಸ್ತಕಕ್ಕೆ 15 ಹಾಳೆ. ಸಾವಿರ ಪ್ರತಿಗೆ 15,000 ಹಾಳೆ. 500 ಹಾಳೆಯ ರೀಮಿನ ಲೆಕ್ಕದಲ್ಲಿ 30 ರೀಮು ಕಾಗದ. ಕೆಟ್ಟು ಹೋಗುವ ಹಾಳೆ ಬೇರೆ. ಮೊಳೆ ಜೋಡಿಸುವ ಕಾಲದಲ್ಲಿ ಒತ್ತಕ್ಷರಗಳಿಂದಾಗಿ ಕನ್ನಡದ ಜೋಡಣೆಯ ಕೂಲಿಯೂ ಹೆಚ್ಚು. ಇಷ್ಟೆಲ್ಲವನ್ನೂ ಒಂದು ಪ್ರತಿ ಮಾರುವ ಮೊದಲೇ ಕೊಡಬೇಕು. ಇನ್ನು ಮಾರಾಟ: 250 ರೂಪಾಯಿ ಬೆಲೆ ಇಟ್ಟರೆ, ಅಂಗಡಿಯವರಿಗೂ ವಿತರಕರಿಗೂ ಸೇರಿ ಶೇಕಡಾ 40 ಬಿಟ್ಟರೆ 100 ರೂಪಾಯಿ ಹೋಯಿತು, ಲೇಖಕನಿಗೆ ಶೇಕಡಾ 10 ಎಂದರೆ 25 ರೂಪಾಯಿ, ಉಳಿದ 125ರಲ್ಲಿ ಕಾಗದ, ಅಚ್ಚು, ಹೊಲಿಗೆ, ಮುಖಪುಟ, ಗೋದಾಮು, ಬಡ್ಡಿ. ಹೆಸರಿಲ್ಲದ ಲೇಖಕನ ಪುಸ್ತಕ ಮೂರು ವರ್ಷ ಕುಳಿತರೆ ಆ ಬಡ್ಡಿಯೇ ಲಾಭವನ್ನು ತಿಂದು ಹಾಕುತ್ತದೆ. ಗ್ರಂಥಾಲಯ ಇಲಾಖೆಯ ಖರೀದಿಯನ್ನೇ ನಂಬಿ ಅಚ್ಚು ಮಾಡುವ ಪ್ರಕಾಶಕರು ಬಹಳ. ಆ ಪುಸ್ತಕಗಳು ಓದುಗನ ಕೈಗೆ ಬರುವ ಬದಲು ಕಪಾಟಿಗೆ ನೇರವಾಗಿ ಹೋಗಿ ಮಲಗುವುದೂ ಉಂಟು. ಇದು ನಮ್ಮ ಪುಸ್ತಕ ಲೋಕಕ್ಕೆ ಹಿಡಿದ ರೋಗ ಎಂದೇ ನನ್ನ ಅಭಿಪ್ರಾಯ.

ಹಸ್ತಪ್ರತಿಯನ್ನು ಓದದೆ ಹಣ ಕೇಳುವುದು ಮಾತ್ರ ತಪ್ಪೇ. ಓದಿ, ಇಷ್ಟಪಟ್ಟು, "ಇಷ್ಟು ಪ್ರತಿಯನ್ನು ನೀವೇ ಕೊಂಡರೆ ನನಗೆ ಧೈರ್ಯ" ಎನ್ನುವವರ ಮಾತು ಬೇರೆ. ದಾರ ಬಿಚ್ಚದೆ ದರ ಹೇಳುವವರು ಬೇರೆ. ಎರಡನೆಯವರ ಮನೆಯಿಂದ ಎದ್ದು ಬಂದದ್ದಕ್ಕೆ ದುಃಖ ಪಡಬೇಕಾಗಿಲ್ಲ.

ನನ್ನದೂ ಒಂದು ಕಥೆ ಇದೆ. ನನ್ನ ಮೊದಲ ಪುಸ್ತಕಕ್ಕೆ ನಾನೇ ಹಣ ಹಾಕಿದೆ. ಸಾವಿರ ಪ್ರತಿ. ಕರಡು ತಿದ್ದುವ ತಾಳ್ಮೆ ಇಲ್ಲದೆ ಅವಸರ ಮಾಡಿದೆ. ಎರಡು ಫಾರಂಗಳ ಪುಟಗಳು ಹಿಂದುಮುಂದಾಗಿ ಹೊಲಿಗೆಯಾದವು. ನೂರಾರು ಪ್ರತಿಗಳು ಬಹಳ ವರ್ಷ ನಮ್ಮ ಮಂಚದ ಕೆಳಗೆ ಇದ್ದವು. ಮನೆಯಾಕೆ ಕಸ ಗುಡಿಸುವಾಗಲೆಲ್ಲ "ನಿಮ್ಮ ಓದುಗರು ಇನ್ನೂ ಏಳಲಿಲ್ಲ" ಎನ್ನುತ್ತಿದ್ದಳು.

ಇಂದು ದಾರಿ ಸ್ವಲ್ಪ ಸುಗಮವಾಗಿದೆ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಡಿಜಿಟಲ್ ಯಂತ್ರದಲ್ಲಿ ನೂರು ಪ್ರತಿಯನ್ನೂ ಅಚ್ಚು ಮಾಡಿಸಬಹುದು. ಒಂದು ಪ್ರತಿಯ ಖರ್ಚು ಹೆಚ್ಚಾದರೂ ಮಂಚದ ಕೆಳಗೆ ಜಾಗ ಬೇಕಾಗುವುದಿಲ್ಲ. 1993ರಲ್ಲಿ ಆರಂಭವಾದ ಕನ್ನಡ ಪುಸ್ತಕ ಪ್ರಾಧಿಕಾರದವರು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹ ಧನ ಕೊಡುವ ಯೋಜನೆಯನ್ನು ನಡೆಸುತ್ತ ಬಂದಿದ್ದಾರೆ. ಅರ್ಜಿ ಕರೆದಾಗ ಹಿರೇಕೆರೂರಿನಿಂದಲೂ ಹಾಕಬಹುದು. ಇನ್ನೊಂದು ಮಾತು, ನಮ್ಮ ಲೇಖಕರು ಸಾಮಾನ್ಯವಾಗಿ ಸಂಕೋಚದಿಂದ ಬಿಟ್ಟುಬಿಡುವುದು: ಹಕ್ಕಿನ ಪತ್ರ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹಕ್ಕನ್ನು ಬರವಣಿಗೆಯಲ್ಲಿಯೇ ವಹಿಸಿಕೊಡಬೇಕು. ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು 5 ವರ್ಷ ಎಂದು ಕಾಯಿದೆ ತಿಳಿಯುತ್ತದೆ. ಎಷ್ಟು ಪ್ರತಿ, ಎಷ್ಟು ಕಾಲ, ಶೇಕಡಾ ಎಷ್ಟು ಎಂಬುದನ್ನು ಒಂದು ಹಾಳೆಯ ಮೇಲೆ ಬರೆಯಿಸಿಕೊಳ್ಳಲು ನಾಚಿಕೆ ಏಕೆ? ಲೇಖಕ ತೀರಿಕೊಂಡ 60 ವರ್ಷಗಳವರೆಗೆ ಹಕ್ಕು ಅವನ ಮನೆಯವರದು. ಗಳಗನಾಥರ ಕೃತಿಗಳ ಮೇಲಿನ ಹಕ್ಕು 2002ರ ಕೊನೆಗೆ ಮುಗಿಯಿತು. ಈಗ ಅವರ ಪುಸ್ತಕವನ್ನು ಯಾರು ಬೇಕಾದರೂ ಅಚ್ಚು ಮಾಡಬಹುದು.

ಆ ದಿನ ನಾನು ತರುಣರಿಗೆ ಕಟ್ಟನ್ನು ತಿರುಗಿ ಕೊಟ್ಟು ಒಂದೇ ಮಾತು ಹೇಳಿದೆ. ಬೆಂಗಳೂರಿಗೆ ಹೋಗುವ ಮೊದಲು ಇದನ್ನು ನಿಮ್ಮ ಮನೆಯ ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿ, ದಿನಕ್ಕೊಂದು ಪ್ರಕರಣ. ಯಾರು ಯಾವಾಗ ಎದ್ದು ಹೋಗುತ್ತಾರೆ ಎಂಬುದನ್ನು ಅಂಚಿನಲ್ಲಿ ಗುರುತು ಹಾಕಿಕೊಳ್ಳಿ. ಅವರಿಗೆ ಈ ಸಲಹೆ ಅಷ್ಟಾಗಿ ರುಚಿಸಿದಂತೆ ಕಾಣಲಿಲ್ಲ.

ಎಂಟು ತಿಂಗಳ ಮೇಲೆ ಒಂದು ಪತ್ರ ಬಂತು. ಓದಿದರಂತೆ. ಮೊದಲ ದಿನ ಆರು ಮಂದಿ ಇದ್ದರು. ಎರಡನೆಯ ಪ್ರಕರಣಕ್ಕೆ ತಾಯಿ ಎದ್ದು ಒಲೆಯ ಕಡೆ ಹೋದರು. ಐದನೆಯದಕ್ಕೆ ಪಕ್ಕದ ಮನೆಯ ಮುದುಕರು, ಹತ್ತಿ ಬಿಡಿಸಿ ದಣಿದು ಬಂದವರು, ನಿದ್ದೆ ಹೋದರು. ಒಂಬತ್ತನೆಯದರ ಕೊನೆಯಲ್ಲಿ ಮಾತ್ರ, "ನಾಳೆ ಎಷ್ಟು ಹೊತ್ತಿಗೆ ಓದ್ತಿ?" ಎಂದು ತಾಯಿಯೇ ಕೇಳಿದರಂತೆ. ಈಗ ಕಾದಂಬರಿ ಆ ಒಂಬತ್ತನೆಯ ಪ್ರಕರಣದಿಂದ ಆರಂಭವಾಗುತ್ತದೆ. ನೋಟುಬುಕ್ಕುಗಳು ನಾಲ್ಕಿದ್ದದ್ದು ಮೂರಾಗಿವೆ.